ದಾವಣಗೆರೆಯಲ್ಲೇ ಪಿಸಿಸಿ ಆಗುತ್ತೆ, ಏಜೆಂಟ್ ಬೇಕಾಗಿಲ್ಲ

ಕೆನಡಾ ಪಿಆರ್‌ಗೆ, ಅಂದರೆ ಅಲ್ಲಿ ಕಾಯಂ ಆಗಿ ಇರೋ ಅನುಮತಿಗೆ, ಅರ್ಜಿ ಹಾಕುವ ನಮ್ಮ ಕಡೆಯವರಿಗೆ ಮೊದಲೇ ಹೇಳಿಬಿಡುತ್ತೇನೆ. ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್‌ಗೆ, ಅಂದರೆ ಪಿಸಿಸಿಗೆ, ಬೆಂಗಳೂರಿಗೆ ಓಡಬೇಕಾಗಿಲ್ಲ. ಯಾರಿಗೂ ದುಡ್ಡು ಸುರಿಯಬೇಕಾಗಿಯೂ ಇಲ್ಲ. ದಾವಣಗೆರೆ ಅಂಚೆ ಕಚೇರಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲೇ ಆಗುತ್ತೆ. ನಾನು, ನಮ್ಮನೆಯವರು ಇಬ್ಬರೂ ಅಲ್ಲೇ ಮಾಡಿಸಿದ್ದೇವೆ, ಖುಷಿಯಾಗಿದ್ದೇವೆ.

ಇದು ಮೊದಲಿಂದ ಹೀಗಿರಲಿಲ್ಲ. ಅಂಚೆ ಕಚೇರಿಯ ಕೇಂದ್ರಗಳಲ್ಲಿ ಪಿಸಿಸಿಗೆ ಅರ್ಜಿ ತೆಗೆದುಕೊಳ್ಳೋಕೆ ಶುರು ಮಾಡಿದ್ದು 2022ರ ಸೆಪ್ಟೆಂಬರ್ 28ರಿಂದ. ಅದಕ್ಕೂ ಮುಂಚೆ ನನ್ನ ನಾದಿನಿ ಆಸ್ಟ್ರೇಲಿಯಾಕ್ಕೆ ಹೊರಟಾಗ, ಕೈಗೂಸು ಎತ್ತಿಕೊಂಡು ಹುಬ್ಬಳ್ಳಿಗೆ ಹೋಗಿ ಬಂದಿದ್ದಳು. ಆ ಓಡಾಟ ಈಗ ತಪ್ಪಿದೆ. ಆದರೆ ಈ ಬದಲಾವಣೆ ಊರಲ್ಲಿ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಾವು ಮೊದಲು ಹೋಗಿದ್ದು ಒಂದು ಕನ್ಸಲ್ಟೆನ್ಸಿಗೆ. ಹೆಸರು ಬೇಡ. ಅಲ್ಲಿದ್ದವರು ಸೇವಾ ಸಿಂಧುವಿನಲ್ಲಿ ಸಿಗುವ ಪೊಲೀಸ್ ಸರ್ಟಿಫಿಕೇಟ್ ಸಾಕು ಅಂದರು. ಅದನ್ನು ತಾವೇ ಮಾಡಿಸಿಕೊಡುತ್ತೇವೆ ಎಂದು ಸಾವಿರಗಳ ಲೆಕ್ಕ ಹೇಳಿದರು. ದಯವಿಟ್ಟು ಇದನ್ನು ನಂಬಬೇಡಿ. ಸೇವಾ ಸಿಂಧುವಿನದು ಕೆಲಸಕ್ಕೆ ಸೇರೋಕೆ, ಇಲ್ಲಿನ ಬೇರೆ ಬೇರೆ ಅಗತ್ಯಕ್ಕೆ ರಾಜ್ಯ ಪೊಲೀಸರು ಕೊಡುವಂಥದ್ದು. ಕೆನಡಾಕ್ಕೆ ಕಳಿಸಬೇಕಾಗಿದ್ದು ಪಾಸ್‌ಪೋರ್ಟ್ ಕಚೇರಿ ಕೊಡುವ ಪಿಸಿಸಿ. ಅದರಲ್ಲಿ ನಿಮ್ಮ ಪಾಸ್‌ಪೋರ್ಟ್ ನಂಬರು, ಹೋಗುವ ದೇಶದ ಹೆಸರು ಎರಡೂ ಇರುತ್ತವೆ. ಕೆನಡಾ ಅಂತ ತೆಗೆಸಿದ್ದನ್ನು ನ್ಯೂಜಿಲೆಂಡ್‌ಗೆ ಕೊಡೋಕೆ ಆಗಲ್ಲ. ಶುಲ್ಕ ಒಬ್ಬರಿಗೆ 500 ರೂಪಾಯಿ. ಪಾಸ್‌ಪೋರ್ಟ್ ಸೇವಾ ವೆಬ್‌ಸೈಟ್‌ನಲ್ಲಿ ಫಾರಂ ತುಂಬಿ, ಅಲ್ಲೇ ದುಡ್ಡು ಕಟ್ಟಿ, ದಾವಣಗೆರೆ ಕೇಂದ್ರ ಆರಿಸಿಕೊಂಡು ಅಪಾಯಿಂಟ್‌ಮೆಂಟ್ ತೆಗೆದುಕೊಂಡರೆ ಆಯ್ತು. ಮನೆಯಲ್ಲಿ ಕೂತು ಮಾಡುವ ಕೆಲಸ.

ಕೇಂದ್ರದಲ್ಲಿ ಹೆಚ್ಚು ಹೇಳುವಂಥದ್ದೇನೂ ಇಲ್ಲ. ಅಪಾಯಿಂಟ್‌ಮೆಂಟ್ ಟೈಮಿಗೆ ಕರೆದರು, ಕಾಗದ ನೋಡಿದರು, ಫೋಟೊ ತೆಗೆದರು, ಬೆರಳು ಸ್ಕ್ಯಾನರ್ ಮೇಲೆ ಇಡಿಸಿದರು. ಒರಿಜಿನಲ್ ಪಾಸ್‌ಪೋರ್ಟ್, ಅದರ ಮೊದಲ ಎರಡು ಮತ್ತು ಕೊನೆಯ ಎರಡು ಪುಟಗಳ ಜೆರಾಕ್ಸ್, ಆಧಾರ್, ಪಿಆರ್‌ಗೆ ಅರ್ಜಿ ಹಾಕಿ ಅಂತ ಕೆನಡಾದಿಂದ ಬಂದ ಆಹ್ವಾನ ಪತ್ರದ ಪ್ರಿಂಟ್ ಇಟ್ಟುಕೊಂಡಿದ್ದೆವು. ಜೆರಾಕ್ಸ್ ಮೇಲೆಲ್ಲ ನಿಮ್ಮದೇ ಸಹಿ ಹಾಕಿ ಇಟ್ಟುಕೊಳ್ಳಿ. ಕೌಂಟರ್‌ನಲ್ಲಿದ್ದ ಹುಡುಗಿ ನನ್ನ ಪಕ್ಕದಲ್ಲಿದ್ದ ಹರಿಹರದ ಅಜ್ಜಿಗೆ ಎಲ್ಲಿ ಸಹಿ ಮಾಡಬೇಕು ಅಂತ ಎದ್ದು ಬಂದು ತೋರಿಸಿದಳು. ಸರ್ಕಾರಿ ಕೌಂಟರ್ ಅಂದರೆ ಹೀಗಿರಬೇಕು ಅನ್ನಿಸಿತು.

ಅಲ್ಲಿಂದ ಫೈಲು ಪೊಲೀಸರ ಕಡೆ ಹೋಗುತ್ತೆ. ಮೊದಲು ಎಸ್ಪಿ ಆಫೀಸಿನ ವಿಶೇಷ ಶಾಖೆ, ಅಲ್ಲಿಂದ ನಿಮ್ಮ ಏರಿಯಾದ ಠಾಣೆ, ಮತ್ತೆ ಅದೇ ದಾರಿಯಲ್ಲಿ ವಾಪಸ್. ನಮ್ಮ ಮನೆ ವಿದ್ಯಾನಗರದಲ್ಲಿ. ಠಾಣೆಯಿಂದ ಫೋನ್ ಮಾಡಿ, ಮನೆಯಲ್ಲಿ ಯಾವಾಗ ಇರ್ತೀರಿ ಅಂತ ಕೇಳಿಕೊಂಡೇ ಬಂದರು. ಬಂದವರು ಮಫ್ತಿಯಲ್ಲಿದ್ದರು. ನಮ್ಮ ಅತ್ತೆಗೆ ಅಷ್ಟರಲ್ಲೇ ಅರ್ಧ ಸಮಾಧಾನ ಆಯ್ತು. ಪೊಲೀಸರು ಮನೆಗೆ ಬಂದರೆ ಓಣಿಯವರು ಏನಂದುಕೊಳ್ಳುತ್ತಾರೋ ಅನ್ನೋದು ಅವರ ಚಿಂತೆ. ಬಂದವರು ಅದನ್ನು ಅರ್ಥ ಮಾಡಿಕೊಂಡಂತೆ, "ಅಮ್ಮಾರೆ, ಮಗ ಸೊಸೆ ಫಾರಿನ್‌ಗೆ ಹೊಂಟಾರೆ, ಅದಕ್ಕ ಬಂದೀನಿ, ಬ್ಯಾರೆ ಏನಿಲ್ಲ" ಅಂದರು. ಆಧಾರ್, ಕರೆಂಟ್ ಬಿಲ್ಲು ನೋಡಿದರು. ಎಷ್ಟು ವರ್ಷದಿಂದ ಇಲ್ಲಿದ್ದೀರಿ, ಯಾವುದಾದರೂ ಕೇಸು ಇದೆಯಾ ಅಂತ ಕೇಳಿದರು. ಅಕ್ಕಪಕ್ಕದ ಇಬ್ಬರ ಸಹಿ ಬೇಕು ಅಂದರು. ಎದುರು ಮನೆ ಆಂಟಿ ಒಲೆ ಆರಿಸಿ ಬಂದು ಸಹಿ ಹಾಕಿದರು. ಚಹಾ ಕೊಟ್ಟೆವು, ಕುಡಿದು ಹೋದರು. ಯಾರೂ ಕೈ ಚಾಚಲಿಲ್ಲ. ಇದನ್ನು ಎದ್ದು ಕಾಣುವಂತೆ ಬರೆಯಬೇಕು ಅನ್ನಿಸುತ್ತೆ, ಯಾಕಂದರೆ "ಕೊಡದಿದ್ದರೆ ಫೈಲು ಮುಂದೆ ಹೋಗಲ್ಲ" ಅಂತ ನಮಗೆ ಹೆದರಿಸಿದವರು ಕಡಿಮೆ ಇರಲಿಲ್ಲ.

ನಮಗೆ ನಿಜವಾಗಿ ತಲೆಬಿಸಿ ಕೊಟ್ಟಿದ್ದು ಇನ್ನೊಂದು ಕಾಗದ. ಕೆನಡಾದ ನಿಯಮ ಹೀಗಿದೆ: ಹದಿನೆಂಟು ತುಂಬಿದ ಮೇಲೆ, ಕಳೆದ 10 ವರ್ಷದಲ್ಲಿ, ಯಾವ ದೇಶದಲ್ಲಿ ಸತತ ಆರು ತಿಂಗಳು ಅಥವಾ ಜಾಸ್ತಿ ಇದ್ದೀರೋ ಆ ದೇಶದ ಪೊಲೀಸ್ ದಾಖಲೆಯೂ ಬೇಕು. ನಮ್ಮನೆಯವರು ಅಮೆರಿಕದಲ್ಲಿ ಪ್ರಾಜೆಕ್ಟ್ ಮೇಲೆ ಇದ್ದರು, ನಾನೂ ಜೊತೆಗಿದ್ದೆ. ಹಾಗಾಗಿ ಇಬ್ಬರಿಗೂ ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ಕೊಡುವ ವರದಿ ಬೇಕಾಯ್ತು. ಅದರ ಶುಲ್ಕ ಒಬ್ಬರಿಗೆ 18 ಡಾಲರ್. ಅರ್ಜಿ ಆನ್‌ಲೈನ್‌ನಲ್ಲೇ ಹಾಕಬಹುದು. ಆದರೆ ಹತ್ತೂ ಬೆರಳಿನ ಗುರುತನ್ನು ಕಾಗದದ ಮೇಲೆ ತೆಗೆಸಿ ಪಶ್ಚಿಮ ವರ್ಜೀನಿಯಾದ ಕ್ಲಾರ್ಕ್ಸ್‌ಬರ್ಗ್‌ಗೆ ಕಳಿಸಬೇಕು. ದಾವಣಗೆರೆಯಲ್ಲಿ ಅದನ್ನು ಯಾರು ತೆಗೆದುಕೊಡುತ್ತಾರೆ?

ಎಸ್ಪಿ ಆಫೀಸಿಗೆ ಹೋಗಿ ಕೇಳಿಕೊಂಡೆವು. ಒಂದು ಅರ್ಜಿ ಬರೆದುಕೊಡಿ ಅಂದರು, ಕೊಟ್ಟೆವು. ಬೆರಳಚ್ಚು ವಿಭಾಗದ ಒಬ್ಬ ಹಿರಿಯರ ಹತ್ತಿರ ಕಳಿಸಿದರು. ಎಫ್‌ಬಿಐನ ಎಫ್‌ಡಿ-1164 ಫಾರಂ ಬಿಳಿ ಹಾಳೆಯಲ್ಲಿ ಪ್ರಿಂಟ್ ತೆಗೆದರೂ ನಡೆಯುತ್ತೆ, ನಾವು ಅದನ್ನೇ ಒಯ್ದಿದ್ದೆವು. ಅವರು ಕನ್ನಡಕ ಏರಿಸಿ ಫಾರಂ ಪೂರ್ತಿ ಓದಿದರು. ಮೇಲೆ ಬಲಗೈಯ ಐದು ಚೌಕ, ಕೆಳಗೆ ಎಡಗೈಯ ಐದು, ಅದರ ಕೆಳಗೆ ನಾಲ್ಕು ನಾಲ್ಕು ಬೆರಳು ಒಟ್ಟಿಗೆ, ಹೆಬ್ಬೆರಳು ಬೇರೆ.

ಅವರ ಕೆಲಸ ನೋಡುವಂತಿತ್ತು. ಗಾಜಿನ ಹಲಗೆ ಮೇಲೆ ಕಪ್ಪು ಮಸಿ ಚೂರೇ ಚೂರು ಹಾಕಿ, ರೋಲರ್‌ನಿಂದ ಹಿಂದೆ ಮುಂದೆ ತಿಕ್ಕಿ ತೆಳ್ಳಗೆ ಮಾಡಿದರು. "ಮಸಿ ಜಾಸ್ತಿ ಆದ್ರೆ ಗೆರೆ ಮುಚ್ಚಿಹೋಗ್ತವ್ರಿ" ಅಂದರು. ನನ್ನ ಕೈ ಒರೆಸಿಕೊಳ್ಳೋಕೆ ಹೇಳಿ, ಒಂದೊಂದೇ ಬೆರಳು ಹಿಡಿದು, ಉಗುರಿನ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಒಂದೇ ಸಲ ಹೊರಳಿಸಿದರು. ಹೆಬ್ಬೆರಳನ್ನು ಮೈ ಕಡೆಗೆ, ಉಳಿದ ಬೆರಳುಗಳನ್ನು ಹೊರಕ್ಕೆ. ನಾನು ಬಿಗಿ ಹಿಡಿದಾಗೆಲ್ಲ, "ಕೈ ಸಡಿಲ ಬಿಡ್ರಿ ಮೇಡಂ, ನೀವು ಒತ್ತಬ್ಯಾಡ್ರಿ, ನಾನೇ ಹೊರಳಿಸ್ತೀನಿ" ಅಂತ ಹೇಳುತ್ತಿದ್ದರು. ಚೌಕದಲ್ಲಿ ಗೆರೆಗಳು ಎಣಿಸುವಷ್ಟು ಸ್ಪಷ್ಟವಾಗಿ ಬಿದ್ದವು. ಒಂದು ಬೆರಳು ಮಸುಕಾಗಿ ಬಿತ್ತು ಅಂತ ಹೊಸ ಹಾಳೆ ತೆಗೆದುಕೊಂಡು ಮೊದಲಿನಿಂದ ಮಾಡಿದರು. ನಾವು ಕೇಳದಿದ್ದರೂ ಇಬ್ಬರಿಗೂ ಒಂದೊಂದು ಹೆಚ್ಚಿನ ಪ್ರತಿ ತೆಗೆದುಕೊಟ್ಟರು. ಅಲ್ಲಿ ಗುರುತು ಓದೋಕೆ ಬರದಿದ್ದರೆ ಮತ್ತೆ ಹೊಸದಾಗಿ ಕಳಿಸಬೇಕಾಗುತ್ತೆ, ಅದಕ್ಕೆ ಈ ಪ್ರತಿಗಳು ಕೈಯಲ್ಲಿದ್ದರೆ ಧೈರ್ಯ. ಆ ಹಿರಿಯರಿಗೆ ನಾನು ಎಷ್ಟು ನಮಸ್ಕಾರ ಹೇಳಿದರೂ ಕಡಿಮೆಯೇ.

ನಮ್ಮಿಬ್ಬರ ವರದಿಯೂ ಇಮೇಲ್‌ನಲ್ಲಿ ಬಂತು. ಬಂಧನದ ದಾಖಲೆ ಯಾವುದೂ ಇಲ್ಲ ಅನ್ನೋ ಒಂದು ಸಾಲು ಅಷ್ಟೇ. ಆ ಸಾಲಿಗೆ ಅಷ್ಟು ದೂರ ಬೆರಳ ಗುರುತು ಹೋಗಿ ಬರಬೇಕು.

ಇಲ್ಲಿ ಒಂದು ಮುಖ್ಯ ವಿಷಯ. ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ, ಅಂದರೆ ಕೆನಡಾ ಪಿಆರ್‌ಗೆ ಜನರನ್ನು ಆರಿಸುವ ಆನ್‌ಲೈನ್ ವ್ಯವಸ್ಥೆಯಲ್ಲಿ, ಆಹ್ವಾನ ಬಂದ ಮೇಲೆ ಅರ್ಜಿ ಪೂರ್ತಿ ಮಾಡೋಕೆ 60 ದಿನ ಮಾತ್ರ. ಎಲ್ಲವನ್ನೂ ಆಗ ಶುರು ಮಾಡಿದರೆ ಉಸಿರು ಕಟ್ಟುತ್ತೆ. ಆದರೆ ಎರಡು ಕಾಗದಕ್ಕೂ ನಿಯಮ ಬೇರೆ ಬೇರೆ. ಈಗ ವಾಸ ಇರುವ ದೇಶದ ಪಿಸಿಸಿ, ಅಂದರೆ ಇಂಡಿಯಾದ್ದು, ಅರ್ಜಿ ಸಲ್ಲಿಸುವ ದಿನಕ್ಕೆ ಆರು ತಿಂಗಳಿಗಿಂತ ಹಳೆಯದಾಗಿರಬಾರದು. ಹಿಂದೆ ಇದ್ದ ದೇಶದ್ದು, ನೀವು ಅಲ್ಲಿಂದ ಕೊನೆಯದಾಗಿ ಬಂದ ಮೇಲೆ ತೆಗೆದಿದ್ದರೆ ಸಾಕು. ಹಾಗಾಗಿ ಅಮೆರಿಕದ್ದನ್ನು ಪೂಲ್‌ಗೆ, ಅಂದರೆ ಆಹ್ವಾನಕ್ಕೆ ಕಾಯುವವರ ಪಟ್ಟಿಗೆ, ಹೆಸರು ಹಾಕುವ ಮುಂಚೆಯೇ ತರಿಸಿ ಇಟ್ಟುಕೊಳ್ಳಬಹುದು. ಇಂಡಿಯಾದ್ದನ್ನು ಆಹ್ವಾನದ ಹತ್ತಿರ ಹತ್ತಿರ ಮಾಡಿಸಿ. ಕನ್ಸಲ್ಟೆನ್ಸಿಯವರು ಇದನ್ನು ಉಲ್ಟಾ ಹೇಳಿದ್ದರು. ಅವರ ಮಾತು ಕೇಳಿದ್ದರೆ ಪಿಸಿಸಿ ಎರಡನೇ ಸಲ ತೆಗೆಸಬೇಕಾಗುತ್ತಿತ್ತು. ಜನರ ಜೀವಮಾನದ ಉಳಿತಾಯ ಇದರಲ್ಲಿ ಇರುತ್ತೆ, ಇಷ್ಟು ಬೇಜವಾಬ್ದಾರಿ ಮಾಡಬಾರದು.

ಹಳ್ಳಿ ವಿಳಾಸದ ಪಾಸ್‌ಪೋರ್ಟ್ ಇಟ್ಟುಕೊಂಡು ಊರಲ್ಲಿ ಬಾಡಿಗೆಗಿರುವವರು ಒಂದು ನೋಡಿಕೊಳ್ಳಿ. ಫಾರಂನಲ್ಲಿ ಈಗಿನ ವಿಳಾಸ ಅಂತ ಏನು ಬರೆಯುತ್ತೀರೋ ಅಲ್ಲಿಗೇ ಪೊಲೀಸರು ಬರುತ್ತಾರೆ. ಆ ಮನೆಗೆ ಬಂದು ವರ್ಷ ಆಗಿಲ್ಲದಿದ್ದರೆ ಹಿಂದಿನ ಮನೆಯ ವಿಳಾಸವನ್ನೂ ಕೇಳುತ್ತಾರೆ. ಬಾಡಿಗೆ ಕರಾರು ಪತ್ರ ರೆಡಿ ಇರಲಿ, ಮನೆ ಮಾಲೀಕರಿಗೆ ಒಂದು ಮಾತು ಹೇಳಿರಿ. ಇನ್ನು ಅರ್ಜಿ ಹಾಕಿದ ಮೇಲೆ ಗೊತ್ತಿಲ್ಲದ ನಂಬರಿನಿಂದ ಕರೆ ಬಂದರೆ ಕಟ್ ಮಾಡಬೇಡಿ. ನಮಗೆ ಠಾಣೆಯವರು ಮಾಡಿದ್ದು ಅವರ ಸ್ವಂತ ಮೊಬೈಲ್‌ನಿಂದಲೇ.