ಎನ್.ಆರ್. ಕಾಲೊನಿಯ ಬಾಡಿಗೆ ಮನೆ: ಪಾರ್ಕಿಂಗಿಗೆ ಒಂದು ಸ್ಟಾರ್, ನೀರಿಗೆ ಐದು

ಮುಂದಿನ ತಿಂಗಳು ಬೆಂಗಳೂರಿನ ಈ ಮನೆ ಖಾಲಿ ಮಾಡುತ್ತಿದ್ದೇವೆ. ಮಗಳು ಹುಟ್ಟುವ ಮುಂಚೆ ಬಂದ ಮನೆ. ಈಗ ಅವಳು ಪಿಯುಸಿ. ಜನ ಎರಡು ವಾರ ಬಳಸಿದ ಮಿಕ್ಸಿಗೆಲ್ಲ ವಿಮರ್ಶೆ ಬರೆಯುತ್ತಾರೆ. ಇಷ್ಟು ವರ್ಷ ಬಳಸಿದ ಏರಿಯಾಗೆ ನಾನು ಬರೆದರೆ ತಪ್ಪೇನಿಲ್ಲ, ಅಲ್ವಾ?

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಗಾಂಧಿ ಬಜಾರಿನ ಹೂವು, ವಿದ್ಯಾರ್ಥಿ ಭವನದ ದೋಸೆ, ದೊಡ್ಡ ಗಣಪ, ಕಾರ್ತಿಕ ಮಾಸದ ಕೊನೇ ಸೋಮವಾರದ ಕಡಲೆಕಾಯಿ ಪರಿಷೆ, ಇವುಗಳ ವರ್ಣನೆ ಇಲ್ಲಿ ಸಿಗುವುದಿಲ್ಲ. ಅದೆಲ್ಲ ನಿಮಗೆ ಗೊತ್ತಿರುವುದೇ. ಮೇಲಾಗಿ, ಅವು ಯಾವುದೂ ನನ್ನ ಕೈತಪ್ಪಿ ಹೋಗುತ್ತಿಲ್ಲ. ಹೊಸ ಮನೆ ಕನಕಪುರ ರಸ್ತೆಯಲ್ಲಿ, ನೈಸ್ ರಸ್ತೆ ದಾಟಿ. ರೇಷ್ಮೆ ಸಂಸ್ಥೆ ಸ್ಟೇಷನ್ನಿನಲ್ಲಿ ಹಸಿರು ಮಾರ್ಗದ ಮೆಟ್ರೊ ಹತ್ತಿದರೆ ನ್ಯಾಷನಲ್ ಕಾಲೇಜಿನಲ್ಲಿ ಇಳಿಯಬಹುದು. ದೋಸೆ ತಿಂದು, ಹೂವು ತಗೊಂಡು, ಸಂಜೆಯೊಳಗೆ ವಾಪಸ್.

ಇನ್ನು ಬೈಗುಳ. ಭಾನುವಾರ ಬೆಳಗ್ಗೆ ನಮ್ಮ ಗೇಟಿಗೆ ಅಡ್ಡ ಕಾರು ನಿಲ್ಲಿಸಿ ಹೋಗುವವರು ಯಾರು ಅಂತ ಇವತ್ತಿಗೂ ಗೊತ್ತಾಗಿಲ್ಲ. ಪ್ರತಿ ಸಲ ಬೇರೆಯವರೇ. ಎಲ್ಲರೂ ‘ಐದೇ ನಿಮಿಷ ಮೇಡಂ’ ಅನ್ನುವವರೇ. ಈ ರಸ್ತೆಗಳು ಸೈಕಲ್ ಕಾಲದವು. ಈಗ ಒಂದೊಂದು ಮನೆಗೆ ಎರಡು ಕಾರು. ನಮ್ಮ ಸ್ಕೂಟರಿಗೇ ಜಾಗ ಹುಡುಕಬೇಕು. ಬಾಡಿಗೆ ಏರುತ್ತಲೇ ಇದೆ. ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟಿದ್ದೇವೆ, ಬಿಡುವಾಗ ಪೇಂಟಿಂಗ್ ಹೆಸರಲ್ಲಿ ಒಂದು ತಿಂಗಳದ್ದು ಮುರಿದುಕೊಳ್ಳುತ್ತಾರೆ. ಊರೆಲ್ಲ ಇರುವ ಪದ್ಧತಿಯೇ ಅನ್ನಿ, ಆದರೂ ಹೊಟ್ಟೆ ಉರಿಯುತ್ತದೆ. ಮನೆ ಮೊದಲನೇ ಮಹಡಿಯಲ್ಲಿ. ಮೆಟ್ಟಿಲು ಕಡಿದು, ಲಿಫ್ಟ್ ಇಲ್ಲ. ನಮ್ಮತ್ತೆಗೆ ಮಂಡಿ ನೋವು. ಮನೆ ಬಿಡುತ್ತಿರುವುದೇ ಈ ಮೆಟ್ಟಿಲಿಗಾಗಿ. ಇಷ್ಟನ್ನೇ ನೋಡಿ ಅಂಕ ಕೊಟ್ಟಿದ್ದರೆ ಐದಕ್ಕೆ ಎರಡು.

ಆದರೆ ಹೊಸ ಫ್ಲಾಟಿನಲ್ಲಿ ಹಾಲು ಉಕ್ಕಿಸಿದ ದಿನ, ಅಲ್ಲೇ ಒಂದು ಸಾರು ಮಾಡೋಣ ಅಂತ ಕುಕ್ಕರ್ ಇಟ್ಟೆ. ಅದೇ ಬೇಳೆ, ಅದೇ ಕುಕ್ಕರ್, ದಿನಾ ಕೂಗಿಸುವಷ್ಟೇ ಸೀಟಿ. ಮುಚ್ಚಳ ತೆಗೆದರೆ ತೊಗರಿಬೇಳೆ ಕಾಳು ಕಾಳಾಗಿ ಕೂತಿದೆ. ಅತ್ತೆ ಸೌಟಲ್ಲಿ ಒತ್ತಿ ನೋಡಿ, ‘ಇದು ಬೋರ್ ನೀರು ಕಣೇ, ಬೇಯಲ್ಲ’ ಅಂದರು. ಅವರು ಕೋಲಾರದ ಕಡೆಯವರು. ಅಲ್ಲಿ ಬೋರ್‌ವೆಲ್ ಸಾವಿರ ಅಡಿ ದಾಟಿ ಎಷ್ಟೋ ಕಾಲವಾಯಿತು. ಗಡಸು ನೀರಿನ ವಿಷಯದಲ್ಲಿ ಅವರ ಮಾತೇ ಕೊನೆ. ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಬೇಳೆಯಲ್ಲಿರುವ ಪೆಕ್ಟಿನ್ ಅನ್ನೋ ಅಂಟಿನ ಜೊತೆ ಸೇರಿಕೊಂಡು ಅದು ಕರಗದ ಹಾಗೆ ಹಿಡಿದಿಡುತ್ತವೆ ಅಂತ ಮಗಳು ಆಮೇಲೆ ಓದಿ ಹೇಳಿದಳು. ಕಾಫಿಯೂ ಬೇರೆ ಥರ ಇತ್ತು. ಡಿಕಾಕ್ಷನ್ ಇಳಿಯಿತು, ಆದರೆ ಬಾಯಿಗೆ ಸಪ್ಪೆ. ತೊಳೆದಿಟ್ಟ ಸ್ಟೀಲ್ ಲೋಟದ ಮೇಲೆ ಬಿಳಿ ಬಿಳಿ ಕಲೆ.

ಈ ಏರಿಯಾದಲ್ಲಿ ನಾನು ಏನನ್ನು ಬಳಸುತ್ತಿದ್ದೆ ಅಂತ ಗೊತ್ತಾಗಿದ್ದು ಆಗಲೇ.

ನಮ್ಮ ಬೀದಿಗೆ ಕಾವೇರಿ ನೀರು ದಿನ ಬಿಟ್ಟು ದಿನ, ಬೆಳಗಿನ ಜಾವ. ಮೊದಲು ಪೈಪಿನಲ್ಲಿ ಗಾಳಿ ಬುಸುಗುಡುತ್ತದೆ. ಆ ಸದ್ದಿಗೆ ಓನರ್ ಆಂಟಿಗೆ ಎಚ್ಚರವಾಗುತ್ತದೆ. ಅವರು ಕೆಳಗಿನಿಂದ ‘ನೀರು ಬಂತು ಕಣಮ್ಮಾ’ ಅಂತ ಕೂಗುತ್ತಾರೆ. ಅಲಾರಂ ನಾನು ಇಟ್ಟಿದ್ದೇ ಇಲ್ಲ. ಗೇಟಿನ ಪಕ್ಕ ನೆಲಕ್ಕಿಂತ ತಗ್ಗಿನಲ್ಲಿ ಒಂದು ಗುಂಡಿ, ಅದರೊಳಗೆ ನಲ್ಲಿ. ಹಳೇ ಮನೆಗಳಲ್ಲಿ ನೋಡಿರುತ್ತೀರಿ. ಫೋರ್ಸ್ ಕಮ್ಮಿ ಇದ್ದರೂ ಅಷ್ಟು ತಗ್ಗಿಗೆ ನೀರು ಬಂದೇ ಬರುತ್ತದೆ. ಮೊದಲ ಎರಡು ಬಕೆಟ್ ಸ್ವಲ್ಪ ಕೆಂಪು, ಅದು ಗಿಡಗಳಿಗೆ. ಆಮೇಲೆ ತಿಳಿಯಾಗುತ್ತದೆ. ಆಗ ಕುಡಿಯೋ ನೀರಿನ ಕೊಳಗ, ತಾಮ್ರದ ಬಿಂದಿಗೆ, ಕೊನೆಗೆ ನಲ್ಲಿಗೆ ಪೈಪ್ ಸಿಕ್ಕಿಸಿ ನೆಲದಡಿಯ ಸಂಪು ತುಂಬಿಸುವುದು. ಸಂಪಿನ ಮುಚ್ಚಳ ಎತ್ತಿ ಎಷ್ಟು ತುಂಬಿದೆ ಅಂತ ಇಣುಕಿ ನೋಡುವುದು ನನ್ನ ಮಗಳ ಕೆಲಸ. ಚಿಕ್ಕವಳಿದ್ದಾಗ ಅದಕ್ಕೆ ಹಟ ಮಾಡುತ್ತಿದ್ದಳು, ಈಗ ಹೇಳಿದರೂ ಏಳುವುದಿಲ್ಲ.

ನಲ್ಲಿ ಗುಂಡಿಯ ಪಕ್ಕ ನಿಂತು ಕಾಯುವಾಗ ಮಾಡುವುದಕ್ಕೆ ಬೇರೇನೂ ಇರುವುದಿಲ್ಲ. ಹಾಗಾಗಿ ಮಾತು. ಎದುರು ಮನೆಯವರು ರಂಗೋಲಿ ಬಿಡುತ್ತಲೇ ನಿಮ್ಮಲ್ಲಿ ಫೋರ್ಸ್ ಇದೆಯಾ ಅಂತ ಕೇಳುತ್ತಾರೆ. ಯಾರ ಮಗನಿಗೆ ಎಲ್ಲಿ ಹೆಣ್ಣು ನೋಡಿದ್ದಾರೆ, ಯಾರು ಲೈನಿಗೇ ಮೋಟಾರ್ ಹಾಕಿ ನೀರೆಳೆಯುತ್ತಿದ್ದಾರೆ, ಎಲ್ಲ ಅಲ್ಲೇ ತಿಳಿಯುವುದು. ಮೋಟಾರ್ ಹಾಕುವುದು ಕಾನೂನಿಗೆ ವಿರುದ್ಧ. ಆದರೂ ಹಾಕುತ್ತಾರೆ. ಅವತ್ತು ನಮ್ಮ ನಲ್ಲಿ ಸಣ್ಣಗಾಗುತ್ತದೆ, ಆಂಟಿಯ ದನಿ ದೊಡ್ಡದಾಗುತ್ತದೆ.

ಇದರಲ್ಲೂ ಕುಂದಿಲ್ಲ ಅನ್ನುತ್ತಿಲ್ಲ. ಬೇಸಿಗೆಯಲ್ಲಿ ಸರದಿ ತಪ್ಪುತ್ತದೆ. ರಸ್ತೆ ಅಗೆದಾಗಲೆಲ್ಲ ಎದೆ ಢವಢವ. ಒಂದು ಮಳೆಗಾಲದಲ್ಲಿ ಚರಂಡಿ ನೀರು ಬೆರೆತು ಇಡೀ ಸಂಪು ಖಾಲಿ ಮಾಡಿ ತೊಳೆಸಿದ್ದೆವು. ಆದರೆ ಖರ್ಚು ನೋಡಿ. 2014ರ ಕೊನೆಯಿಂದ 2025ರ ದರ ಏರಿಕೆವರೆಗೆ, ಮನೆ ಬಳಕೆಯ ಮೊದಲ 8,000 ಲೀಟರಿಗೆ ದರ ಇದ್ದದ್ದು ಸಾವಿರ ಲೀಟರಿಗೆ 7 ರೂಪಾಯಿ. ಸ್ಯಾನಿಟರಿ ಚಾರ್ಜು ಬೇರೆ. 2024ರ ಮಾರ್ಚ್‌ನಲ್ಲಿ ನೀರಿಗೆ ಹಾಹಾಕಾರ ಆದಾಗ ಜಿಲ್ಲಾಡಳಿತ ಖಾಸಗಿ ಟ್ಯಾಂಕರುಗಳಿಗೆ ದರ ನಿಗದಿ ಮಾಡಿತಲ್ಲ, ಅದರಲ್ಲಿ 5 ಕಿಲೋಮೀಟರ್ ಒಳಗೆ 12,000 ಲೀಟರಿಗೆ 1,000 ರೂಪಾಯಿ. ಅಂದರೆ ಸಾವಿರ ಲೀಟರಿಗೆ 83 ರೂಪಾಯಿ ಚಿಲ್ಲರೆ. ನಮ್ಮದು ಒಂದೇ ಸಂಬಳದ ಮನೆ. ಈ ಲೆಕ್ಕವನ್ನು ನಾನು ಹಾಲು ಉಕ್ಕಿಸಿದ ಮೇಲೆ ಹಾಕಿದೆ.

ತಮಾಷೆ ಏನು ಗೊತ್ತಾ? ಈ ನೀರು ನಮ್ಮ ಏರಿಯಾಗೆ ಬರುವುದೇ ಆ ಕಡೆಯಿಂದ. ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಲ್ಲಿ ಶುದ್ಧ ಮಾಡಿ, ಹಾರೋಹಳ್ಳಿ, ತಾತಗುಣಿಯಲ್ಲಿ ಮತ್ತೆ ಮತ್ತೆ ಪಂಪ್ ಮಾಡಿ ಮೇಲಕ್ಕೆತ್ತುತ್ತಾರೆ. ಸುಮಾರು 100 ಕಿಲೋಮೀಟರ್ ದೂರ, 500 ಮೀಟರ್ ಎತ್ತರ. 1974ರಲ್ಲಿ ಕಾವೇರಿ ಯೋಜನೆಯ ಮೊದಲ ಹಂತ ಶುರುವಾದಾಗಿನಿಂದ ಹೀಗೇ. ಹಾರೋಹಳ್ಳಿ, ತಾತಗುಣಿ ಎರಡೂ ಕನಕಪುರ ರಸ್ತೆಯವೇ. ನೀರು ನನ್ನ ಹೊಸ ಮನೆಯ ಕಡೆಯಿಂದ ಹಳೇ ಮನೆಗೆ ಹೋಗುತ್ತಿದೆ, ನಾನು ಹಳೇ ಮನೆಯಿಂದ ಹೊಸದಕ್ಕೆ ಹೋಗುತ್ತಿದ್ದೇನೆ.

2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಗಿದೆ, ದಿನಕ್ಕೆ 77.5 ಕೋಟಿ ಲೀಟರ್. ನಮ್ಮ ಹೊಸ ಕಟ್ಟಡಕ್ಕೆ ಯಾವಾಗ ಅಂತ ಕೇಳಿದರೆ ಅಸೋಸಿಯೇಷನ್‌ನವರು ‘ಪ್ರೋಸೆಸ್‌ನಲ್ಲಿದೆ’ ಅನ್ನುತ್ತಾರೆ. ಅಲ್ಲಿಯವರೆಗೆ ಬೋರು, ಟ್ಯಾಂಕರು, ಜೊತೆಗೆ ನೀರಿನ ಗಡಸು ತೆಗೆಯಲು ಉಪ್ಪು ಹಾಕುವ ಒಂದು ಸಾಫ್ಟ್‌ನರ್. ಅದರ ನೀರಲ್ಲಿ ಎಷ್ಟು ತೊಳೆದರೂ ಸೋಪು ಹೋಗಿಲ್ಲವೇನೋ ಅನ್ನಿಸುತ್ತದೆ.

ಹಾಗಾಗಿ ನನ್ನ ಅಂಕ ಐದಕ್ಕೆ ನಾಲ್ಕು. ಪಾರ್ಕಿಂಗಿಗೆ ಒಂದು ಕಳೆದಿದ್ದೇನೆ, ಅದನ್ನು ವಾಪಸ್ ಕೊಡುವ ಉದ್ದೇಶ ಇಲ್ಲ. ಈ ಕಡೆ ಮನೆ ಹುಡುಕುವವರು ಬಾಡಿಗೆ ಕೇಳುವ ಮುಂಚೆ ಮೂರು ವಿಷಯ ಕೇಳಿ: ನೀರು ಯಾವ ದಿನ, ಎಷ್ಟು ಹೊತ್ತು, ಸಂಪು ಎಷ್ಟು ಸಾವಿರ ಲೀಟರಿನದು. ಸಂಪು ಎಷ್ಟು ಮನೆಗಳ ಪಾಲು ಅಂತಲೂ ಕೇಳಿ. ಪೂರ್ವಕ್ಕೆ ಬಾಗಿಲು, ಎರಡು ಬಾಲ್ಕನಿ ಎಲ್ಲ ಆಮೇಲೆ.

ಅತ್ತೆ ಹೊಸ ಮನೆಗೆ ದಾರಿ ಕಂಡುಕೊಂಡಿದ್ದಾರೆ. ಮಳೆ ನೀರು ಹಿಡಿದಿಟ್ಟು ಅದರಲ್ಲೇ ಬೇಳೆ ಬೇಯಿಸುವುದು, ಊರಲ್ಲಿ ಮಾಡುತ್ತಿದ್ದ ಹಾಗೆ. ಮಳೆ ಇಲ್ಲದಾಗ ಚಿಟಿಕೆ ಅಡುಗೆ ಸೋಡಾ. ನಾನು ಬೇರೆ ದಾರಿ ಹಿಡಿದಿದ್ದೇನೆ. ಶನಿವಾರ ನಮ್ಮನೆಯವರು ಸ್ಕೂಟರಿನಲ್ಲಿ ಈ ಕಡೆ ಬಂದಾಗ ಎರಡು ಕ್ಯಾನ್ ನೀರು ತುಂಬಿಸಿಕೊಂಡು ಬರಲಿ ಅಂತ ಓನರ್ ಆಂಟಿಯನ್ನು ಕೇಳಿದೆ. ಒಪ್ಪಿದರು, ಸುಮ್ನೆ ಅಲ್ಲ. ಹೊಸ ಮನೆ ಕಡೆ ರಸ್ತೆ ಪಕ್ಕ ಹಳ್ಳಿಯವರು ಮಾರುವ ತಾಜಾ ದಂಟಿನ ಸೊಪ್ಪು ಎರಡು ಕಟ್ಟು ತರಬೇಕಂತೆ. ಬೇರು ಸಮೇತ ಇರಬೇಕು, ಬಾಡಿದ್ದರೆ ನೀರಿಲ್ಲ.