ಎತ್ತರಿಸಿದ ಜಿಪ್ಸಿ, ಸಡಿಲವಾದ ಸ್ಟೀರಿಂಗ್: ಲಿಫ್ಟ್ ಕಿಟ್ ಹಾಕಿಸಿದ ಆರು ವರ್ಷಗಳ ಮೇಲೆ

ನಾಲೆಯ ಏರಿಯ ಮೇಲೆ ಗಾಡಿ ಓಡಿಸುವವರಿಗೆ ಸ್ಟೀರಿಂಗ್‌ನಲ್ಲಿ ಎರಡು ಅಂಗುಲ ಆಟ (ಚಕ್ರ ಅಲುಗದೆ ಸ್ಟೀರಿಂಗ್ ಮಾತ್ರ ತಿರುಗುವ ಸಡಿಲ) ಬಂದರೆ ಏನಾಗುತ್ತದೆಂದು ವಿವರಿಸಬೇಕಾಗಿಲ್ಲ. ನನ್ನ ಜಮೀನು ಪಾಂಡವಪುರದ ಕಡೆಗಿದೆ. ವಾರಕ್ಕೆ ಮೂರು ದಿನ ಮಂಡ್ಯದಿಂದ ಅಲ್ಲಿಗೆ ಹೋಗಿ ಬರುತ್ತೇನೆ, ದಾರಿಯ ಬಹುಭಾಗದಲ್ಲಿ ಒಂದು ಮಗ್ಗುಲಿಗೆ ವಿಶ್ವೇಶ್ವರಯ್ಯ ನಾಲೆ, ಇನ್ನೊಂದು ಮಗ್ಗುಲಿಗೆ ಗದ್ದೆಯ ತಗ್ಗು. 2018ರ ನವೆಂಬರ್ 24ರಂದು ಕನಗನಮರಡಿಯ ಬಳಿ ಬಸ್ಸು ಇದೇ ನಾಲೆಗೆ ಬಿದ್ದು 30 ಮಂದಿ ತೀರಿಕೊಂಡದ್ದನ್ನು ಈ ಭಾಗದ ಯಾರೂ ಮರೆತಿಲ್ಲ. ಆದ್ದರಿಂದ ಈ ವಿಮರ್ಶೆಯಲ್ಲಿ ಕಿಟ್‌ನ ಅಂದಚಂದಕ್ಕಿಂತ ಸ್ಟೀರಿಂಗ್‌ನ ವಿಚಾರವೇ ಹೆಚ್ಚಾಗಿ ಬರುತ್ತದೆ.

ಗಾಡಿ 2006ರ ಮಾರುತಿ ಜಿಪ್ಸಿ. 2019ರ ಜೂನ್‌ನಲ್ಲಿ ಮೈಸೂರಿನ ಒಂದು ಅಂಗಡಿಯಲ್ಲಿ ಗಾಡಿಯನ್ನು ಎತ್ತರಿಸುವ ಎರಡು ಅಂಗುಲದ ಲಿಫ್ಟ್ ಕಿಟ್ ಹಾಕಿಸಿದೆ: ಹೆಚ್ಚುವರಿ ಸ್ಪ್ರಿಂಗ್ ಪ್ಲೇಟು, ಉದ್ದನೆಯ ಶಾಕಲ್ (ಸ್ಪ್ರಿಂಗ್‌ನ ತುದಿಯನ್ನು ಚಾಸಿಗೆ ಜೋಡಿಸುವ ಕೊಂಡಿ), ಉದ್ದನೆಯ ಶಾಕ್ ಅಬ್ಸಾರ್ಬರ್. ಅದರ ಜೊತೆಗೆ, ಗಾಡಿ ಕೊಂಡಾಗ ಇದ್ದ 205/70 ಆರ್ 15 ಟೈರುಗಳನ್ನು ತೆಗೆಸಿ 235/75 ಆರ್ 15 ಹಾಕಿಸಿದೆ. ಕಬ್ಬಿನ ಟ್ರ್ಯಾಕ್ಟರುಗಳು ಕೊರೆದಿಟ್ಟ ಹಾದಿಯಲ್ಲಿ ನಡುವಿನ ದಿಣ್ಣೆ ಗಾಡಿಯ ಹೊಟ್ಟೆಗೆ ತಗಲುತ್ತಿತ್ತು. ಕಿಟ್ ಹಾಕಿಸಿದ ಮೊದಲ ಮಳೆಗಾಲದಲ್ಲೇ ಆ ತೊಂದರೆ ತಪ್ಪಿತು. ಗೊಬ್ಬರದ ಮೂಟೆ ಹೇರಿಕೊಂಡು ಕೆಸರಿನ ಹಾದಿಯಲ್ಲಿ ನಿಲ್ಲದೆ ಹೊಲದ ಅಂಚಿಗೆ ಹೋಗಿ ನಿಂತ ದಿನದ ಸಂತೋಷವನ್ನು ಇಂದಿಗೂ ಮರೆತಿಲ್ಲ. ಮೊದಲ ಎರಡು ವರ್ಷ ಯಾರು ಕೇಳಿದರೂ ಈ ಕಿಟ್ ಹಾಕಿಸಿಕೊಳ್ಳಿ ಎಂದೇ ಹೇಳಿದ್ದೇನೆ.

ಮೂರನೆಯ ವರ್ಷದಿಂದ ಗಾಡಿ ನೇರ ರಸ್ತೆಯಲ್ಲಿ ಅಲೆಯತೊಡಗಿತು. ಸ್ಟೀರಿಂಗ್ ನೇರವಾಗಿ ಹಿಡಿದಿದ್ದರೂ ಗಾಡಿ ತಾನಾಗಿ ಎಡಕ್ಕೋ ಬಲಕ್ಕೋ ಸರಿಯುತ್ತಿತ್ತು, ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನೇ ನಡುವಿಗೆ ಮರಳುತ್ತಿರಲಿಲ್ಲ. ಮರುವರ್ಷ ಮೈಸೂರು ರಸ್ತೆಯಲ್ಲಿ ಅರವತ್ತರ ವೇಗದಲ್ಲಿ ಸೇತುವೆಯ ಜೋಡಣೆಯ ಮೇಲೆ ಹಾಯುತ್ತಿದ್ದಂತೆ ಮುಂದಿನ ಎರಡೂ ಚಕ್ರಗಳು ಒದರಲು ಶುರುವಾದವು. ವೇಗವನ್ನು ಮೂವತ್ತಕ್ಕೆ ಇಳಿಸುವ ತನಕ ಆ ವಾಬ್ಲಿಂಗ್ ನಿಲ್ಲಲಿಲ್ಲ. ಪಕ್ಕದಲ್ಲಿ ನನ್ನ ತಾಯಿ ಕುಳಿತಿದ್ದರು.

ನಂತರದ ಎಂಟು ತಿಂಗಳು ಹಣ ಹೋದ ದಾರಿಯನ್ನು ನೆನೆದರೆ ಬೇಸರವಾಗುತ್ತದೆ. ಮೊದಲನೆಯ ಗ್ಯಾರೇಜಿನವರು ವೀಲ್ ಬ್ಯಾಲೆನ್ಸ್ ಮತ್ತು ಅಲೈನ್‌ಮೆಂಟ್ ಮಾಡಿಕೊಟ್ಟರು. ಎರಡನೆಯವರು ಸ್ಟೀರಿಂಗ್ ಡ್ಯಾಂಪರ್ ಬದಲಿಸಿದರು. ಒದರಾಟ ಎರಡು ತಿಂಗಳು ಅಡಗಿ ಮತ್ತೆ ಬಂತು, ಏಕೆಂದರೆ ಡ್ಯಾಂಪರ್ ಒದರಾಟವನ್ನು ಮುಚ್ಚಿಡಬಲ್ಲದೇ ಹೊರತು ಅದರ ಕಾರಣವನ್ನು ತೆಗೆಯಲಾರದು. ಮೂರನೆಯವರು ಮಾಡಿದ್ದು ಎಲ್ಲಕ್ಕಿಂತ ಕೆಟ್ಟ ಕೆಲಸ: ಸ್ಟೀರಿಂಗ್ ಬಾಕ್ಸಿನ (ಸ್ಟೀರಿಂಗ್‌ನ ತಿರುವನ್ನು ಚಕ್ರಗಳ ಕಡೆಗೆ ದಾಟಿಸುವ ಗೇರಿನ ಪೆಟ್ಟಿಗೆ) ಮೇಲಿರುವ ಅಡ್ಜಸ್ಟ್ ಸ್ಕ್ರೂವನ್ನು ಬಿಗಿದು ಆಟವನ್ನು ಕಡಿಮೆ ಮಾಡಿ ತೋರಿಸಿದರು. ಕೈಗೆ ಆಟ ಕಡಿಮೆಯಾಯಿತು ನಿಜ, ಆದರೆ ನಡುವಿನಲ್ಲಿ ಸ್ಟೀರಿಂಗ್ ಹಿಡಿದುಕೊಳ್ಳತೊಡಗಿತು. ಪವರ್ ಸ್ಟೀರಿಂಗ್ ಇಲ್ಲದ ಈ ಗಾಡಿಯಲ್ಲಿ ಬಾಕ್ಸನ್ನು ಅತಿಯಾಗಿ ಬಿಗಿದರೆ ಒಳಗಿನ ಭಾಗಗಳೂ ಬೇಗ ಸವೆಯುತ್ತವೆ. ದಯವಿಟ್ಟು ಯಾರೂ ಅದನ್ನು ಮೊದಲ ಔಷಧವಾಗಿ ಮಾಡಿಸಿಕೊಳ್ಳಬೇಡಿ.

ಕೊನೆಗೆ ದೋಷವನ್ನು ಕಂಡುಹಿಡಿದವರು ಮಂಡ್ಯದಲ್ಲಿ ಹಳೆಯ ಜೀಪುಗಳನ್ನೇ ಕೆಲಸ ಮಾಡುತ್ತಾ ಬಂದಿರುವ ಒಬ್ಬ ಹಿರಿಯ ಮೇಸ್ತ್ರಿಗಳು. "ಬಾಕ್ಸ್ ಆಮೇಲೆ ನೋಡೋಣ ಸಾರ್, ಮೊದಲು ಯಾರನ್ನಾದರೂ ಸ್ಟೇರಿಂಗ್ ಮುಂದೆ ಕೂರಿಸಿ" ಎಂದರು. ನನ್ನ ಅಣ್ಣನ ಮಗ ಕುಳಿತು, ಚಕ್ರಗಳು ನೆಲದ ಮೇಲಿರುವಂತೆಯೇ ಸ್ಟೀರಿಂಗ್ ಅನ್ನು ಎಡಕ್ಕೂ ಬಲಕ್ಕೂ ಸ್ವಲ್ಪ ಸ್ವಲ್ಪವೇ ಆಡಿಸುತ್ತಾ ಹೋದ. ಮೇಸ್ತ್ರಿಗಳು ಕೆಳಗೆ ಮಲಗಿ ಒಂದೊಂದು ಕೀಲಿನ ಮೇಲೂ ಕೈಯಿಟ್ಟು ನೋಡುತ್ತಾ ಬಂದರು. ಸ್ಟೀರಿಂಗ್‌ನ ತಿರುವು ಚಕ್ರಕ್ಕೆ ತಲುಪುವ ದಾರಿಯಲ್ಲಿರುವ ಕೀಲು, ಸರಳುಗಳು ಇವು: ಕಾಲಮ್ಮಿನ ಜೋಡಣೆ, ಬಾಕ್ಸ್, ಅದರ ಕೆಳಗಿನ ಪಿಟ್‌ಮನ್ ಆರ್ಮ್, ಡ್ರ್ಯಾಗ್ ಲಿಂಕ್, ಟೈ ರಾಡ್ ಎಂಡ್. ಚಲನೆ ಯಾವ ಕೀಲಿನಲ್ಲಿ ತಡವಾಗಿ ಮುಂದಕ್ಕೆ ದಾಟುತ್ತದೆಯೋ ಅಲ್ಲಿ ಆಟವಿದೆ ಎಂದರ್ಥ. ಬಲಗಡೆಯ ಟೈ ರಾಡ್ ಎಂಡ್ ಒಂದರಲ್ಲಿ ಸ್ವಲ್ಪ ಆಟ ಸಿಕ್ಕಿತು, ಆದರೆ ಎರಡು ಅಂಗುಲಕ್ಕೆ ಅದೊಂದೇ ಸಾಲದು.

ಆಮೇಲೆ ಮುಂದಿನ ಆಕ್ಸೆಲ್‌ಗೆ ಜಾಕಿ ಕೊಟ್ಟು ಚಕ್ರವನ್ನು ಮೇಲೂ ಕೆಳಗೂ ಹಿಡಿದು ಅಲುಗಿಸಿದರು. ಕಟಕಟ ಎಂದಿತು. ಬ್ರೇಕ್ ತುಳಿಯಲು ಹೇಳಿ ಮತ್ತೆ ಅಲುಗಿಸಿದರು, ಶಬ್ದ ಹಾಗೆಯೇ ಇತ್ತು. ಬ್ರೇಕ್ ತುಳಿದಾಗ ಆಟ ಹೋದರೆ ದೋಷ ವೀಲ್ ಬೇರಿಂಗ್‌ನದು, ಹಾಗೆಯೇ ಉಳಿದರೆ ಕಿಂಗ್ ಪಿನ್ (ಚಕ್ರ ಎಡಕ್ಕೂ ಬಲಕ್ಕೂ ತಿರುಗಲು ಆಧಾರವಾದ ಗೂಟ) ಬೇರಿಂಗ್‌ನದು. ಇಷ್ಟು ಸರಳವಾದ ಪರೀಕ್ಷೆಯನ್ನು ಹಿಂದಿನ ಮೂವರಲ್ಲಿ ಒಬ್ಬರೂ ಮಾಡಿರಲಿಲ್ಲ. ಬಿಚ್ಚಿದಾಗ ಚಕ್ರದ ಹಿಂದೆ, ಆಕ್ಸೆಲ್‌ನ ತುದಿಯಲ್ಲಿರುವ ಉಕ್ಕಿನ ಗುಂಡಿನ ಸುತ್ತ ಇರುವ ಸೀಲ್ ಹರಿದಿತ್ತು. ಗದ್ದೆಯ ಕೆಸರು ನೀರು ಒಳಗೆ ಹೋಗಿ ಗ್ರೀಸ್ ಹಾಲಿನ ಬಣ್ಣಕ್ಕೆ ತಿರುಗಿತ್ತು, ಕೆಳಗಿನ ಬೇರಿಂಗ್‌ನ ರೋಲರುಗಳು ತುಕ್ಕು ಹಿಡಿದು, ಅವು ಉರುಳುವ ಬಳೆಯ, ಅಂದರೆ ಕಪ್‌ನ, ಮೇಲೆ ಗುಳಿಗಳನ್ನು ಮಾಡಿದ್ದವು. ಎರಡೂ ಕಡೆ ಸೇರಿ ನಾಲ್ಕು ಬೇರಿಂಗ್, ಸೀಲ್ ಸೆಟ್, ಒಂದು ಟೈ ರಾಡ್ ಎಂಡ್, ಮಜೂರಿ ಎಲ್ಲಕ್ಕೂ 8,600 ರೂಪಾಯಿ ಆಯಿತು. ಕಿಂಗ್ ಪಿನ್ನಿನ ಶಿಮ್‌ಗಳನ್ನು (ತೆಳು ತಗಡಿನ ಬಿಲ್ಲೆಗಳನ್ನು) ಒಂದೊಂದಾಗಿ ತೆಗೆದು, ಚಕ್ರ ತಿರುಗಲು ಎಷ್ಟು ಬಲ ಬೇಕೆಂದು ಸ್ಪ್ರಿಂಗ್ ತಕ್ಕಡಿಯಿಂದ ಎಳೆದು ನೋಡಿ ಬಿಗಿಯನ್ನು ಹೊಂದಿಸಿದರು. ಆ ಒಂದು ಕೆಲಸಕ್ಕೇ ಅರ್ಧ ದಿನ ಹಿಡಿಯಿತು, ಅವರು ಅವಸರಪಡಲಿಲ್ಲ. ಮೂರನೆಯವರು ಬಿಗಿದಿದ್ದ ಬಾಕ್ಸಿನ ಸ್ಕ್ರೂವನ್ನೂ ಅಂದೇ ಸಡಿಲಿಸಿ ಸರಿಮಾಡಿದರು.

ಒದರಾಟ ಅಂದೇ ನಿಂತಿತು. ಅಲೆಯುವುದು ಮಾತ್ರ ನಿಲ್ಲಲಿಲ್ಲ.

ಕಿಟ್‌ನ ಬಗ್ಗೆ ನನ್ನ ಮನಸ್ಸು ಮುರಿದದ್ದು ಇಲ್ಲಿಯೇ. ಜಿಪ್ಸಿಯಲ್ಲಿ ಮುಂದಿನ ಸ್ಪ್ರಿಂಗ್‌ನ ಶಾಕಲ್ ಮುಂಭಾಗದಲ್ಲಿದೆ. ಅದನ್ನು ಉದ್ದ ಮಾಡಿದರೆ ಸ್ಪ್ರಿಂಗ್‌ನ ಮುಂದಿನ ತುದಿ ತಗ್ಗಿ, ಇಡೀ ಆಕ್ಸೆಲ್ ಮುಂದಕ್ಕೆ ವಾಲುತ್ತದೆ. ಕಿಂಗ್ ಪಿನ್ನಿನ ಮೇಲ್ತುದಿ ಹಿಂದಕ್ಕೆ ವಾಲಿರಬೇಕಾದ ಕೋನ, ಅಂದರೆ ಕ್ಯಾಸ್ಟರ್, ಅಷ್ಟರ ಮಟ್ಟಿಗೆ ಕಡಿಮೆಯಾಗುತ್ತದೆ. ಸೈಕಲ್ಲಿನ ಮುಂದಿನ ಫೋರ್ಕ್ ಓರೆಯಾಗಿ ಇರುವುದರಿಂದ ಕೈಬಿಟ್ಟರೂ ಅದು ನೇರ ಹೋಗುವಂತೆಯೇ, ಚಕ್ರ ತಾನಾಗಿ ನೇರಕ್ಕೆ ಮರಳುವುದು ಈ ಕೋನದಿಂದ. ನನ್ನ ಗಾಡಿಯಲ್ಲಿ ಅಳೆದಾಗ ಅದು ಒಂದು ಡಿಗ್ರಿಯೂ ಇರಲಿಲ್ಲ. ಬೇರಿಂಗ್ ಸವೆದದ್ದು ನನ್ನ ಹಾದಿಯ ಕೆಸರಿನಿಂದ. ಕ್ಯಾಸ್ಟರ್ ಹೋದದ್ದು ಕಿಟ್ ಹಾಕಿದ ದಿನದಿಂದಲೇ. ಗಾಡಿಯನ್ನು ಮಾಡಿದವರ ತಪ್ಪು ಇದರಲ್ಲಿ ಏನೂ ಇಲ್ಲ. ಕಿಟ್ ಮಾರಿದವರು ಎತ್ತರದ ಮಾತನ್ನಷ್ಟೇ ಆಡಿದರು, ಕೋನದ ಮಾತನ್ನು ಆಡಲಿಲ್ಲ, ಅದನ್ನು ಸರಿಪಡಿಸುವ ಬೆಣೆಯನ್ನೂ ಕೊಡಲಿಲ್ಲ. 36,000 ರೂಪಾಯಿ ತೆಗೆದುಕೊಂಡವರು ಅಷ್ಟನ್ನು ಮಾಡಬೇಕಿತ್ತು.

ಲೇತ್‌ನಲ್ಲಿ ಮೂರು ಡಿಗ್ರಿಯ ಉಕ್ಕಿನ ಬೆಣೆಗಳನ್ನು ಮಾಡಿಸಿ, ಸ್ಪ್ರಿಂಗ್ ಮತ್ತು ಆಕ್ಸೆಲ್‌ನ ನಡುವೆ ಇರಿಸಿ, ಉದ್ದನೆಯ ಸೆಂಟರ್ ಬೋಲ್ಟ್ ಹಾಕಿಸಿದೆ. ಅಲ್ಯೂಮಿನಿಯಂ ಬೆಣೆ ಅಗ್ಗಕ್ಕೆ ಸಿಗುತ್ತದೆ, ಆದರೆ ಭಾರದಡಿ ಬಿರಿಯುವ ಅಪಾಯವಿರುವುದರಿಂದ ಬೇಡವೆಂದೆ. ನೂರು ಕಿಲೋಮೀಟರ್ ಓಡಿಸಿದ ಮೇಲೆ ಯು ಬೋಲ್ಟ್‌ಗಳನ್ನು ಮತ್ತೊಮ್ಮೆ ಬಿಗಿಸಿದೆ. ಬೆಣೆಯಿಂದ ಮುಂದಿನ ಡಿಫರೆನ್ಷಿಯಲ್‌ನ (ಆಕ್ಸೆಲ್‌ನಲ್ಲಿ ಎರಡೂ ಚಕ್ರಗಳಿಗೆ ಶಕ್ತಿ ಹಂಚುವ ಗೇರಿನ ಭಾಗ) ಮೂತಿ ತುಸು ಕೆಳಗೆ ತಿರುಗಿದ್ದರಿಂದ, ನಾಲ್ಕು ಚಕ್ರದ ಗೇರ್ ಹಾಕಿದಾಗ ಮುಂದಿನ ಪ್ರೊಪೆಲ್ಲರ್ ಶಾಫ್ಟ್‌ನಲ್ಲಿ ಸಣ್ಣ ಕಂಪನ ಬರುತ್ತದೆ. ಕೆಸರಿನಲ್ಲಿ ನಿಧಾನವಾಗಿ ಹೋಗುವಾಗ ಅದು ನನಗೆ ತೊಂದರೆಯಲ್ಲ. ಆ ಗೇರಿನಲ್ಲಿ ದೂರ ಓಡಿಸುವವರಿಗೆ ಆಗಬಹುದು.

ಟೈರುಗಳನ್ನು 215/75 ಆರ್ 15ಕ್ಕೆ ಇಳಿಸಿದ್ದೇನೆ. ದೊಡ್ಡ ಟೈರಿನ ವ್ಯಾಸ ಮೊದಲಿನದಕ್ಕಿಂತ ಸುಮಾರು 65 ಮಿಲಿಮೀಟರ್ ಹೆಚ್ಚು, ಅದರ ಹೊಡೆತ ಕಿಂಗ್ ಪಿನ್ನಿನ ಸಣ್ಣ ಬೇರಿಂಗ್‌ಗಳ ಮೇಲೆ ಬೀಳುತ್ತಿತ್ತು. ನೋಂದಣಿ ಪತ್ರದ ವಿವರಕ್ಕೆ ಹೊಂದದ ಮಾರ್ಪಾಡುಗಳ ಬಗ್ಗೆ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ಏನು ಹೇಳುತ್ತದೆಂಬುದನ್ನೂ ಕಿಟ್ ಕೊಳ್ಳುವವರು ಮೊದಲೇ ಓದಿಕೊಳ್ಳುವುದು ಒಳ್ಳೆಯದು. ಪೇಟೆಯಲ್ಲಷ್ಟೇ ಓಡಿಸುವವರಿಗೆ ಈ ಕಿಟ್ ಬೇಕಿಲ್ಲ. ನನ್ನಂತೆ ಹೊಲದ ಹಾದಿ ಇರುವವರು, ಬೆಣೆಗೂ ವರ್ಷಕ್ಕೊಮ್ಮೆ ಸೀಲ್ ಬಿಚ್ಚಿ ನೋಡುವುದಕ್ಕೂ ಹಣ ಎತ್ತಿಟ್ಟುಕೊಂಡು ಹಾಕಿಸಿಕೊಳ್ಳಬಹುದು.

ಈಗ ಪ್ರತಿದಿನ ಬೆಳಿಗ್ಗೆ ಗಾಡಿ ಹೊರಡಿಸುವ ಮೊದಲು ಒಂದು ಕೆಲಸ ತಪ್ಪದೆ ಮಾಡುತ್ತೇನೆ. ಸ್ಟೀರಿಂಗ್‌ನ ನೆತ್ತಿಯ ಮೇಲೆ ಹಳದಿ ಟೇಪಿನ ತುಂಡೊಂದನ್ನು ಅಂಟಿಸಿದ್ದೇನೆ. ಕಿಟಕಿಯಿಂದ ಕೈ ಹಾಕಿ, ಮುಂದಿನ ಚಕ್ರವನ್ನು ನೋಡುತ್ತಾ, ಅದು ಅಲುಗುವ ತನಕ ಟೇಪು ಎಷ್ಟು ಸರಿಯಿತೆಂದು ಬೆರಳಿನಿಂದ ಅಳೆಯುತ್ತೇನೆ. ಕೆಸರಿಗೆ ಹೋದ ದಿನ ಸಂಜೆ ಎರಡೂ ಗುಂಡುಗಳನ್ನು ಹಳೆಯ ಪಂಚೆಯ ತುಂಡಿನಿಂದ ಒರೆಸಿ ಸೀಲ್‌ನ ಅಂಚನ್ನು ನೋಡುತ್ತೇನೆ. ಎರಡು ವರ್ಷದಿಂದ ಆಟ ಒಂದು ಬೆರಳನ್ನು ದಾಟಿಲ್ಲ. ಬೆಣೆ ಹಾಕಿದ ಮೇಲೆ ಗಾಡಿ ನೇರ ಹೋಗುವಾಗ ಆ ಟೇಪು ತುಸು ಎಡಕ್ಕೆ ನಿಲ್ಲುತ್ತದೆ; ಡ್ರ್ಯಾಗ್ ಲಿಂಕ್‌ನ ಉದ್ದವನ್ನು ಹೊಂದಿಸಿದರೆ ಸರಿಹೋಗುತ್ತದೆಂದು ಮೇಸ್ತ್ರಿಗಳು ಹೇಳಿದ್ದಾರೆ, ಬರುವ ಭಾನುವಾರ ಅವರ ಬಳಿಗೆ ಹೋಗಬೇಕು.