ಮೇಜಿನ ಮೇಲೊಂದು ಶಾಲ್ಕಿ: ಜಲಾಂತರ್ಗಾಮಿಯ ಮಾದರಿ ಮತ್ತು ಅದರ ಜೊತೆಗಿನ ಚರಿತ್ರೆಯ ಪುಸ್ತಿಕೆ

ಪೀಣ್ಯದ ಒಂದು ಸಣ್ಣ ಕಾರ್ಯಾಗಾರದವರು ತಯಾರಿಸಿ, ಮಲ್ಲೇಶ್ವರದ ಅಂಗಡಿಯೊಂದರ ಮೂಲಕ ಮಾರುತ್ತಿರುವ ಐಎನ್‌ಎಸ್ ಶಾಲ್ಕಿ ಜಲಾಂತರ್ಗಾಮಿಯ ಪ್ರದರ್ಶನ ಮಾದರಿಯನ್ನೂ, ಅದೇ ಪೆಟ್ಟಿಗೆಯಲ್ಲಿ ಬರುವ ಕನ್ನಡ ಪುಸ್ತಿಕೆಯನ್ನೂ ಕುರಿತು ಈ ವಿಮರ್ಶೆ. ಎರಡೂ ಸೇರಿ ಬೆಲೆ ನಾಲ್ಕು ಸಾವಿರ ರೂಪಾಯಿಗಿಂತ ತುಸು ಕಡಿಮೆ. ವಿಮಾನಗಳ ಊರಾದ ಬೆಂಗಳೂರಿನಲ್ಲಿ ತೇಜಸ್ ಮಾದರಿಯನ್ನು ಹುಡುಕುವುದು ಕಷ್ಟವಲ್ಲ. ಆದರೆ ನಮ್ಮ ದೇಶದಲ್ಲೇ ಕಟ್ಟಿದ ಮೊದಲ ಜಲಾಂತರ್ಗಾಮಿಯ ಮಾದರಿ, ಅದನ್ನು ಕಟ್ಟಿದ ಮುಂಬೈಯ ಮಜಗಾಂವ್ ಡಾಕ್ ಸಂಸ್ಥೆಯ ಚರಿತ್ರೆಯ ಸಮೇತ ಕನ್ನಡದಲ್ಲಿ ಸಿಗುವುದು ಅಪರೂಪದ ಸಂಗತಿ. ಮಾದರಿ ಬಹಳ ಚೆನ್ನಾಗಿದೆ. ಪುಸ್ತಿಕೆ ಶ್ರದ್ಧೆಯಿಂದ ಬರೆದದ್ದು, ಓದಲು ಯೋಗ್ಯವಾದದ್ದು. ಆದರೆ ಆ ಸಂಸ್ಥೆಯ ಬದುಕಿನ ಅತಿ ಮುಖ್ಯವಾದ ಅಧ್ಯಾಯವನ್ನೇ ಅದು ಒಂದು ವಾಕ್ಯದಲ್ಲಿ ದಾಟಿಬಿಟ್ಟಿದೆ.

ಮೊದಲು ಮಾದರಿಯ ವಿಚಾರ. ಪೆಟ್ಟಿಗೆಯ ಮೇಲೆ 1:200 ಪ್ರಮಾಣವೆಂದು ಬರೆದಿದೆ. ಶಾಲ್ಕಿ ಸೇರಿರುವ ಶಿಶುಮಾರ್ ದರ್ಜೆಯ ಜಲಾಂತರ್ಗಾಮಿಗಳ ಉದ್ದ 64.4 ಮೀಟರ್, ಅಗಲ 6.5 ಮೀಟರ್. ಆ ಲೆಕ್ಕಕ್ಕೆ ಮಾದರಿ 32 ಸೆಂಟಿಮೀಟರಿಗೆ ಕೂದಲೆಳೆಯಷ್ಟು ಹೆಚ್ಚಿರಬೇಕು, ಅಗಲ ಮೂರೂ ಕಾಲು ಸೆಂಟಿಮೀಟರ್ ಇರಬೇಕು. ಅಳೆದಾಗ ಎರಡೂ ಸರಿಯಾಗಿವೆ. ಇದಕ್ಕಿಂತ ಹೆಚ್ಚು ಸಂತೋಷ ಕೊಟ್ಟದ್ದು ಆಳವನ್ನು ನಿಯಂತ್ರಿಸುವ ಮುಂದಿನ ರೆಕ್ಕೆಗಳ ಜಾಗ. ಈ ಜರ್ಮನ್ ವಿನ್ಯಾಸದಲ್ಲಿ ಅವು ಮೂತಿಯ ಕೆಳಭಾಗದಲ್ಲಿರುತ್ತವೆ. ಇಂದಿನ ಕಲ್ವರಿ ದರ್ಜೆಯಲ್ಲಾದರೋ ಬೆನ್ನಿನ ಮೇಲೆ ನಿಲ್ಲುವ ಗೋಪುರದ ಎರಡು ಪಕ್ಕಗಳಲ್ಲಿರುತ್ತವೆ. ಅಗ್ಗದ ಮಾದರಿಗಳಲ್ಲಿ ಈ ಎರಡು ದರ್ಜೆಗಳನ್ನು ಕಲಸಿಬಿಡುವುದುಂಟು. ಇಲ್ಲಿ ಹಾಗಾಗಿಲ್ಲ. ಮೂತಿಯಲ್ಲಿ ಎಂಟು ಟಾರ್ಪಿಡೊ ಕೊಳವೆಗಳ ಬಾಯಿಗಳನ್ನು ಸಣ್ಣ ಗೆರೆಗಳಲ್ಲಿ ಕೊರೆದಿದ್ದಾರೆ, ಬಣ್ಣ ಹೊಳಪಿಲ್ಲದ ಕಪ್ಪು. ತೇಗದ ಪೀಠ ಗಟ್ಟಿಯಾಗಿದೆ.

ಒಡಲಿನ ಒಂದು ಪಕ್ಕದ ತುಂಡು ಅಯಸ್ಕಾಂತದ ಹಿಡಿತದಲ್ಲಿದ್ದು, ಬೆರಳಿನಿಂದ ಎಳೆದರೆ ಬಿಡಿಸಿಕೊಳ್ಳುತ್ತದೆ. ಒಳಗೆ ಕಾಣುವುದರಲ್ಲಿ ನೋಡಲೇಬೇಕಾದದ್ದು ಕಿತ್ತಳೆ ಬಣ್ಣದ ಒಂದು ಗೋಳ. ಈ ದರ್ಜೆಯ ಹೆಗ್ಗುರುತೇ ಅದು: ಅಪಘಾತವಾದಾಗ 40 ಮಂದಿಯ ಇಡೀ ಸಿಬ್ಬಂದಿ ಅದರೊಳಗೆ ಸೇರಿಕೊಂಡು, ಗೋಳವನ್ನು ಒಡಲಿನಿಂದ ಕಳಚಿ, ಒಟ್ಟಾಗಿ ಮೇಲೇರಿ ಬರಬಹುದಾದ ವ್ಯವಸ್ಥೆ. ಕಾರ್ಯಾಗಾರದವರು ಇದನ್ನು ಬಿಟ್ಟು ಬರೀ ಹೊರಗಿನ ಆಕಾರ ಮಾಡಿ ಮಾರಿದ್ದರೂ ಯಾರೂ ಕೇಳುತ್ತಿರಲಿಲ್ಲ. ಅದನ್ನು ಮಾಡಿ ತೋರಿಸಿರುವುದಕ್ಕೆ ಅವರಿಗೆ ಮನಸಾರೆ ಅಭಿನಂದನೆ ಸಲ್ಲಬೇಕು.

ಪುಸ್ತಿಕೆ ಆರಂಭವಾಗುವುದು ಮುಂಬೈಯಿಂದಲ್ಲ, ಜರ್ಮನಿಯ ಕೀಲ್ ನಗರದಿಂದ. ಇದು ಒಳ್ಳೆಯ ನಿರ್ಧಾರ, ಏಕೆಂದರೆ ಶಾಲ್ಕಿಯ ವಿನ್ಯಾಸವೂ ಅದನ್ನು ಕಟ್ಟುವ ವಿದ್ಯೆಯೂ ಬಂದದ್ದು ಅಲ್ಲಿಂದಲೇ. 1838ರಲ್ಲಿ ಶ್ವೆಫೆಲ್ ಮತ್ತು ಹೊವಾಲ್ಟ್ ಎಂಬ ಹೆಸರಿನಲ್ಲಿ ಶುರುವಾದ ಸಂಸ್ಥೆ 1850ರಲ್ಲಿ ವಿಲ್‌ಹೆಲ್ಮ್ ಬಾವರ್ ಎಂಬಾತನ ವಿನ್ಯಾಸದಂತೆ ಬ್ರಾಂಡ್‌ಟಾವ್‌ಖರ್ ಎಂಬ, ಸುಮಾರು ಎಂಟು ಮೀಟರ್ ಉದ್ದದ ಮುಳುಗುನೌಕೆಯನ್ನು ಕಟ್ಟಿತು. 1851ರ ಫೆಬ್ರವರಿ 1ರಂದು ಕೀಲ್ ಬಂದರಿನಲ್ಲೇ ನಡೆದ ಪರೀಕ್ಷೆಯಲ್ಲಿ ಅದು ತಳ ಸೇರಿತು. ಒಳಗಿದ್ದ ಮೂವರೂ ಬದುಕಿದರು. ಹೊರಗಿನ ನೀರಿನ ಒತ್ತಡದಿಂದಾಗಿ ಬಾಗಿಲು ತೆರೆಯುವಂತಿರಲಿಲ್ಲ. ನೀರನ್ನು ಬೇಕೆಂದೇ ಒಳಗೆ ಬಿಟ್ಟುಕೊಂಡು, ಒಳಗಿನ ಗಾಳಿಯ ಒತ್ತಡ ಹೊರಗಿನದಕ್ಕೆ ಸಮವಾಗುವವರೆಗೆ ಗಂಟೆಗಟ್ಟಲೆ ಕಾದು, ಆಮೇಲೆ ಬಾಗಿಲು ತೆರೆದು ಮೇಲೆ ಬಂದರು. 1887ರಲ್ಲಿ ಮೇಲೆತ್ತಿದ ಆ ನೌಕೆಯನ್ನು ಈಗಲೂ ಡ್ರೆಸ್ಡೆನ್ ನಗರದ ಸೇನಾ ವಸ್ತುಸಂಗ್ರಹಾಲಯದಲ್ಲಿ ಕಾಣಬಹುದು. ಪುಸ್ತಿಕೆ ಈ ಘಟನೆಯನ್ನು ಬಹಳ ಸೊಗಸಾಗಿ ನಿರೂಪಿಸಿದೆ, ಆದರೆ ಮಾದರಿಯೊಳಗಿನ ಕಿತ್ತಳೆ ಗೋಳಕ್ಕೂ ಇದಕ್ಕೂ ಇರುವ ನಂಟನ್ನು ಹೇಳಿಲ್ಲ. ಮುಳುಗಿದ ಒಡಲಿನಿಂದ ಮನುಷ್ಯರು ಜೀವಂತ ಹೊರಬರುವುದು ಹೇಗೆಂಬ ಪ್ರಶ್ನೆ ಈ ಹಡಗುಕಟ್ಟೆಯ ಮೊದಲ ಮುಳುಗುನೌಕೆಯೊಡನೆಯೇ ಹುಟ್ಟಿತ್ತು; ಭಾರತಕ್ಕಾಗಿ ಕಟ್ಟಿದ ನೌಕೆಗಳಲ್ಲಿ ಅದಕ್ಕೊಂದು ಉತ್ತರ ಗೋಳದ ರೂಪದಲ್ಲಿ ಕಾಣಿಸಿಕೊಂಡಿತು.

1968ರಲ್ಲಿ ಹ್ಯಾಂಬರ್ಗ್‌ನ ಡಾಯ್ಚೆ ವೆರ್ಫ್ಟ್ ಜೊತೆ ವಿಲೀನವಾಗಿ ಈ ಸಂಸ್ಥೆ ಎಚ್‌ಡಿಡಬ್ಲ್ಯು (ಹೊವಾಲ್ಟ್ಸ್‌ವೆರ್ಕೆ-ಡಾಯ್ಚೆ ವೆರ್ಫ್ಟ್) ಆಯಿತು. ಅದರ ಟೈಪ್ 209 ಜಲಾಂತರ್ಗಾಮಿಗಳು ಗ್ರೀಸ್‌ನಿಂದ ಮೊದಲುಗೊಂಡು ಹತ್ತಾರು ದೇಶಗಳಿಗೆ ಹೋದವು, ಒಟ್ಟು 60ಕ್ಕೂ ಹೆಚ್ಚು. ಜರ್ಮನಿಯ ನೌಕಾಪಡೆ ಮಾತ್ರ ಅವುಗಳಲ್ಲಿ ಒಂದನ್ನೂ ತನಗಾಗಿ ಇಟ್ಟುಕೊಳ್ಳಲಿಲ್ಲ. ನಮ್ಮ ಶಿಶುಮಾರ್ ದರ್ಜೆ ಇದೇ ವಂಶದ್ದು.

ಮುಂಬೈಯ ಭಾಗವನ್ನು ಪುಸ್ತಿಕೆ ಚುರುಕಾಗಿ ನಡೆಸುತ್ತದೆ. 1774ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳ ದುರಸ್ತಿಗಾಗಿ ಮಜಗಾಂವ್‌ನಲ್ಲಿ ಕಟ್ಟಿದ ಸಣ್ಣ ಡ್ರೈ ಡಾಕ್ (ನೀರು ಬತ್ತಿಸಿ ಹಡಗಿನ ಕೆಲಸ ಮಾಡುವ ಕಟ್ಟೆ), 1934ರಲ್ಲಿ ಅದು ಕಂಪನಿಯಾಗಿ ನೋಂದಣಿಯಾದದ್ದು, 1960ರಲ್ಲಿ ಭಾರತ ಸರ್ಕಾರ ಅದನ್ನು ವಹಿಸಿಕೊಂಡದ್ದು, 1972ರ ಜೂನ್ 3ರಂದು ನೀಲಗಿರಿ ಎಂಬ ಫ್ರಿಗೇಟ್ ಬಗೆಯ ಯುದ್ಧನೌಕೆ ನೌಕಾಪಡೆಗೆ ಸೇರಿದ್ದು, ಇವೆಲ್ಲ ಎರಡು ಪುಟಗಳಲ್ಲಿ ಮುಗಿಯುತ್ತವೆ. ಅಷ್ಟು ಸಾಕು. ಆದರೆ ಇಲ್ಲೊಂದು ತಪ್ಪು ನುಸುಳಿದೆ. ಚಿತ್ರವೊಂದರ ಕೆಳಗೆ ಶಿಶುಮಾರ್ ಅನ್ನು ‘ಮುಂಬೈಯಲ್ಲಿ ನಿರ್ಮಿಸಿದ’ ಜಲಾಂತರ್ಗಾಮಿ ಎಂದು ಮುದ್ರಿಸಿದ್ದಾರೆ. ಎಚ್‌ಡಿಡಬ್ಲ್ಯು ಜೊತೆ ಆದ 1981ರ ಡಿಸೆಂಬರ್ 11ರ ಒಪ್ಪಂದದಂತೆ ಈ ದರ್ಜೆಯ ನಾಲ್ಕು ನೌಕೆಗಳಲ್ಲಿ ಮೊದಲ ಎರಡನ್ನು, ಅಂದರೆ ಶಿಶುಮಾರ್ ಮತ್ತು ಶಂಕುಶ್ ಅನ್ನು, ಕೀಲ್‌ನಲ್ಲೇ ಕಟ್ಟಲಾಯಿತು. ಎರಡೂ 1986ರಲ್ಲಿ ಸೇವೆಗೆ ಬಂದವು. ಮಜಗಾಂವ್‌ನಲ್ಲಿ ರೂಪುಗೊಂಡವು 1992ರ ಫೆಬ್ರವರಿ 7ರಂದು ಸೇರಿದ ಶಾಲ್ಕಿ, 1994ರ ಮೇ 28ರಂದು ಸೇರಿದ ಶಂಕುಲ್. ಶಾಲ್ಕಿಯ ಹಿರಿಮೆಯೇ ಈ ವ್ಯತ್ಯಾಸದಲ್ಲಿರುವುದರಿಂದ, ಅದರ ಮಾದರಿಯ ಪೆಟ್ಟಿಗೆಯಲ್ಲೇ ಇಂಥ ತಪ್ಪು ಇರಬಾರದಾಗಿತ್ತು.

ಇನ್ನು ಆ ಒಂದು ವಾಕ್ಯದ ವಿಚಾರಕ್ಕೆ ಬರೋಣ. ‘ಕಾರಣಾಂತರಗಳಿಂದ ಮುಂದಿನ ನೌಕೆಗಳ ನಿರ್ಮಾಣ ವಿಳಂಬವಾಯಿತು’ ಎಂದಷ್ಟೇ ಬರೆದು ಪುಸ್ತಿಕೆ ನೇರವಾಗಿ 2005ಕ್ಕೆ ಹಾರುತ್ತದೆ. ಕಾರಣ ಗುಟ್ಟಿನದೇನಲ್ಲ. ಮಜಗಾಂವ್‌ನಲ್ಲಿ ಇನ್ನೂ ಎರಡು ನೌಕೆಗಳನ್ನು ಕಟ್ಟುವ ಮಾತು ನಡೆಯುತ್ತಿದ್ದಾಗ, 1987ರಲ್ಲಿ ಈ ಖರೀದಿಯಲ್ಲಿ ದಲ್ಲಾಳಿ ಹಣ ಕೈಬದಲಾಯಿತೆಂಬ ಆರೋಪ ಎದ್ದಿತು. ರಕ್ಷಣಾ ಸಚಿವರಾಗಿದ್ದ ವಿ. ಪಿ. ಸಿಂಗ್ ತನಿಖೆಗೆ ಆದೇಶಿಸಿ, ಅದೇ ಏಪ್ರಿಲ್‌ನಲ್ಲಿ ಸಂಪುಟದಿಂದ ಹೊರನಡೆದರು. ಹೆಚ್ಚುವರಿ ಎರಡು ನೌಕೆಗಳು ಬರಲೇ ಇಲ್ಲ. ಶಂಕುಲ್ ಹೊರಬಿದ್ದ ಮೇಲೆ ಜಲಾಂತರ್ಗಾಮಿ ವಿಭಾಗಕ್ಕೆ ಕಟ್ಟಲು ಹೊಸ ನೌಕೆಯೇ ಇರಲಿಲ್ಲ.

ಇದರಿಂದ ಆದ ನಷ್ಟ ಎಂಥದೆಂದು ತಿಳಿಯಬೇಕಾದರೆ ಜಲಾಂತರ್ಗಾಮಿಯ ಒಡಲನ್ನು ಹೇಗೆ ಕಟ್ಟುತ್ತಾರೆಂಬುದನ್ನು ನೋಡಬೇಕು, ಪುಸ್ತಿಕೆ ಅದನ್ನೂ ಹೇಳಬೇಕಾಗಿತ್ತು. ಸಮುದ್ರದಲ್ಲಿ ಪ್ರತಿ 10 ಮೀಟರ್ ಇಳಿದಂತೆ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. 200 ಮೀಟರ್ ಆಳದಲ್ಲಿ ಒಡಲಿನ ಒಂದೊಂದು ಚದರ ಸೆಂಟಿಮೀಟರಿನ ಮೇಲೂ ಸುಮಾರು 20 ಕಿಲೋದ ಭಾರ ಒತ್ತುತ್ತಿರುತ್ತದೆ. ಉಕ್ಕಿನ ಉಂಗುರ ಸರಿಯಾಗಿ ದುಂಡಗಿದ್ದರೆ ಆ ಭಾರ ಸುತ್ತಲೂ ಸಮನಾಗಿ ಹಂಚಿಹೋಗುತ್ತದೆ, ದುಂಡು ಕೆಟ್ಟು ಎಲ್ಲೋ ಒಂದೆಡೆ ಸ್ವಲ್ಪ ಚಪ್ಪಟೆಯಾಗಿದ್ದರೂ ಒಡಲು ಅಲ್ಲಿಂದಲೇ ಬಾಗಲು ತೊಡಗುತ್ತದೆ. ಉಂಗುರಗಳನ್ನು ಒಂದಕ್ಕೊಂದು ಬೆಸೆಯುವ ಕೆಲಸ ಇನ್ನೂ ಸೂಕ್ಷ್ಮವಾದದ್ದು: ಈ ಬಗೆಯ ಗಟ್ಟಿ ಉಕ್ಕನ್ನು ಮೊದಲೇ ಹದವಾಗಿ ಬಿಸಿ ಮಾಡಿಕೊಳ್ಳದೆ ಬೆಸುಗೆ ಹಾಕಿದರೆ, ಆಗ ಸರಿಯಾಗಿ ಕಂಡ ಬೆಸುಗೆಯಲ್ಲಿ ಗಂಟೆಗಳ ನಂತರ, ಕೆಲವೊಮ್ಮೆ ದಿನಗಳ ನಂತರ, ಒಳಗಿಂದ ಬಿರುಕು ಹುಟ್ಟಬಹುದು. ಆದ್ದರಿಂದ ಒಂದೊಂದು ಬೆಸುಗೆಯನ್ನೂ ಎಕ್ಸ್-ರೇ ಅಥವಾ ಶ್ರವಣಾತೀತ ಶಬ್ದತರಂಗಗಳಿಂದ ಪರೀಕ್ಷಿಸುತ್ತಾರೆ. ಈ ಹದವೆಲ್ಲ ನಕ್ಷೆಯಲ್ಲಿ ಬರೆದಿಟ್ಟು ಕಪಾಟಿನಲ್ಲಿ ಕಾಪಾಡುವಂಥದ್ದಲ್ಲ. ಸಂಗೀತಗಾರನ ಕೈ ದಿನನಿತ್ಯದ ಸಾಧಕದಿಂದ ಉಳಿಯುವಂತೆ ಬೆಸುಗೆಗಾರನ ಕೈಯೂ ಕೆಲಸದಿಂದಲೇ ಉಳಿಯುತ್ತದೆ. ಜರ್ಮನಿಯಲ್ಲಿ ತರಬೇತಿ ಪಡೆದು ಬಂದು ಎರಡೇ ನೌಕೆಗಳನ್ನು ಕಟ್ಟಿದ ತಂಡಕ್ಕೆ ಮೂರನೆಯದು ಸಿಗಲಿಲ್ಲ. ಆ ವರ್ಷಗಳಲ್ಲಿ ಸಂಸ್ಥೆಯೇನೂ ಸುಮ್ಮನೆ ಕುಳಿತಿರಲಿಲ್ಲ. 1997ರಲ್ಲಿ ದೆಹಲಿ, 1999ರಲ್ಲಿ ನಮ್ಮ ಮೈಸೂರಿನ ಹೆಸರು ಹೊತ್ತ ವಿಧ್ವಂಸಕ ನೌಕೆ, ಹೀಗೆ ದೊಡ್ಡ ಯುದ್ಧನೌಕೆಗಳನ್ನು ಕಟ್ಟುತ್ತಲೇ ಇತ್ತು. ನಿಂತದ್ದು ನೀರಿನಡಿಯ ಕೆಲಸ ಮಾತ್ರ.

2005ರ ಅಕ್ಟೋಬರ್‌ನಲ್ಲಿ ಫ್ರಾನ್ಸ್‌ನೊಡನೆ ಸ್ಕಾರ್ಪೀನ್ ವಿನ್ಯಾಸದ ಆರು ನೌಕೆಗಳ ಒಪ್ಪಂದವಾಗಿ, 2006ರ ಡಿಸೆಂಬರ್‌ನಲ್ಲಿ ಉಕ್ಕು ಕತ್ತರಿಸುವ ಕೆಲಸ ಆರಂಭವಾಯಿತು. ಮೊದಲನೆಯದಾದ ಕಲ್ವರಿ ಸೇವೆಗೆ ಬಂದದ್ದು 2017ರ ಡಿಸೆಂಬರ್ 14ರಂದು, ಅಂದರೆ ಶಂಕುಲ್ ಬಂದ 23 ವರ್ಷಗಳ ಮೇಲೆ. ಆರನೆಯದಾದ ವಾಗ್‌ಶೀರ್ 2025ರ ಜನವರಿ 15ರಂದು ಸೇರಿತು. ಪುಸ್ತಿಕೆ ಈ ಆರರ ದಿನಾಂಕಗಳನ್ನು ಅಚ್ಚುಕಟ್ಟಾಗಿ ಕೊಟ್ಟಿದೆ. ಆದರೆ ಕಲ್ವರಿ ಅಷ್ಟು ತಡವಾಗಿ ಬಂದುದರಲ್ಲಿ ಕಳೆದುಹೋದ ಕೈಗಳ ಪಾಲೂ ಇತ್ತೆಂಬುದನ್ನು ಓದುಗ ಊಹಿಸುವುದಕ್ಕೂ ಅದು ಅವಕಾಶ ಕೊಡುವುದಿಲ್ಲ. 2023ರ ಜೂನ್‌ನಲ್ಲಿ ಮುಂದಿನ ಜಲಾಂತರ್ಗಾಮಿ ಯೋಜನೆಗಾಗಿ ಮಜಗಾಂವ್ ಡಾಕ್ ಕೈಜೋಡಿಸಿದ್ದು ಎಚ್‌ಡಿಡಬ್ಲ್ಯುವಿನ ವಾರಸುದಾರನಾದ ಥೀಸೆನ್‌ಕ್ರುಪ್ ಮರೀನ್ ಸಿಸ್ಟಮ್ಸ್ ಜೊತೆಗೆ, ಅಂದರೆ ಮತ್ತೆ ಕೀಲ್‌ನವರ ಜೊತೆಗೇ. ನಡುವಿನ ಅಧ್ಯಾಯ ಗೊತ್ತಿಲ್ಲದವರಿಗೆ ಈ ಸುದ್ದಿಯ ತೂಕ ತಿಳಿಯುವುದಾದರೂ ಹೇಗೆ?

ಬೆಂಗಳೂರಿನಲ್ಲಿ ಮುದ್ರಿಸಿದ ಪುಸ್ತಿಕೆಯಲ್ಲಿ ಬೆಂಗಳೂರಿನ ಪಾಲು ಕಾಣೆಯಾಗಿರುವುದೂ ಬೇಸರ ತಂದಿತು. ಜಾಲಹಳ್ಳಿಯ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಈ ಕಥೆಗೆ ಹೊರಗಿನದಲ್ಲ. ಕೊಚ್ಚಿಯ ಪ್ರಯೋಗಾಲಯ ರೂಪಿಸಿದ ‘ಹಂಸ’ ಸೋನಾರ್‌ಗಳನ್ನು ತಯಾರಿಸುವುದು ಬಿಇಎಲ್. ಮಜಗಾಂವ್‌ನಲ್ಲಿ ಕಟ್ಟಿದ ಶಿವಾಲಿಕ್ ದರ್ಜೆಯ ಫ್ರಿಗೇಟುಗಳು ನೀರಿನಡಿಯ ಸದ್ದನ್ನು ಅವುಗಳಿಂದಲೇ ಆಲಿಸುತ್ತವೆ. ಪೀಣ್ಯದಿಂದ ಜಾಲಹಳ್ಳಿಗೆ ಎಷ್ಟು ದೂರ? ಅಲ್ಲಿಯ ನಿವೃತ್ತ ಕೆಲಸಗಾರರೊಬ್ಬರನ್ನು ಮಾತನಾಡಿಸಿದ್ದರೂ ಒಂದು ಒಳ್ಳೆಯ ಪುಟ ಸಿಗುತ್ತಿತ್ತು.

ಕೊಳ್ಳುವವರಿಗೆ ಕೆಲವು ಮಾತು. ಅಂಗಡಿಯವರು ಪೆಟ್ಟಿಗೆ ತೆರೆದು, ಬಿಡಿಸುವ ತುಂಡನ್ನು ತಾವೇ ತೆಗೆದು ತೋರಿಸುತ್ತಾರೆ, ಕೇಳಿದ ಪ್ರಶ್ನೆಗಳಿಗೆ ತಾಳ್ಮೆಯಿಂದ ಉತ್ತರಿಸುತ್ತಾರೆ. ಗೋಪುರದ ಮೇಲಿನ ಪೆರಿಸ್ಕೋಪ್ ಸೂಜಿಯಷ್ಟು ತೆಳ್ಳಗಿರುವುದರಿಂದ ಚಿಕ್ಕ ಮಕ್ಕಳಿರುವ ಮನೆಯಲ್ಲಿ ಗಾಜಿನ ಕಪಾಟಿನೊಳಗೆ ಇಡುವುದು ಲೇಸು. ಹೈಸ್ಕೂಲು ಮಕ್ಕಳಿಗೆ ಉಡುಗೊರೆ ಕೊಡಲು ಇದಕ್ಕಿಂತ ಒಳ್ಳೆಯ ವಸ್ತು ಈ ಬೆಲೆಗೆ ನನಗೆ ತಿಳಿದಂತೆ ಇಲ್ಲ. ಕೊಡುವವರು ಶಿಶುಮಾರ್ ಚಿತ್ರದ ಕೆಳಗಿನ ಸಾಲನ್ನು ಪೆನ್ಸಿಲಿನಲ್ಲಿ ತಿದ್ದಿ ಕೊಡಲಿ. ಪುಸ್ತಿಕೆಯನ್ನು ಮತ್ತೆ ಅಚ್ಚು ಹಾಕಿಸುವ ಯೋಚನೆಯಿದೆಯೆಂದು ಅಂಗಡಿಯವರು ಹೇಳಿದರು. ಹಾಗಾದರೆ 1987ರಿಂದ 2005ರವರೆಗಿನ ವರ್ಷಗಳಿಗೆ ನಾಲ್ಕು ಪುಟ, ಒಡಲಿನ ಬೆಸುಗೆಗೆ ಚಿತ್ರಸಹಿತ ಎರಡು ಪುಟ, ಜಾಲಹಳ್ಳಿಗೆ ಒಂದು ಪುಟ ಸೇರಿಸಬೇಕೆಂದು ಕಾರ್ಯಾಗಾರದವರನ್ನು ಕೇಳಿಕೊಳ್ಳುತ್ತೇನೆ. ಅದಕ್ಕಾಗಿ ಬೆಲೆಯನ್ನು ನೂರು ರೂಪಾಯಿ ಏರಿಸಿದರೂ ಕೊಳ್ಳುವವರು ಹಿಂಜರಿಯಲಾರರು.